ಕಲಬುರಗಿ ಹಳೇ ಊರಿನಲ್ಲಿ ಬಾಡಿಗೆ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಳಂದ ತಾಲ್ಲೂಕಿನಿಂದ ಓದಲು ಬಂದ ನಾನು ಕಲಬುರಗಿಯ ಹಳೇ ಊರಿನಲ್ಲೇ ಹದಿನಾಲ್ಕು ವರ್ಷ ಕಳೆದಿದ್ದೇನೆ. ಇಷ್ಟರಲ್ಲಿ ನಾಲ್ಕು ಬಾಡಿಗೆ ಮನೆ ಆಗಿವೆ. ಈಗ ನಮ್ಮ ಕಡೆಯಿಂದ ಯಾರೇ ನೌಕರಿಗೆ, ಓದಿಗೆ, ಆಸ್ಪತ್ರೆ ಕೆಲಸಕ್ಕೆ ಇಲ್ಲಿಗೆ ಬರಲಿ, ಮೊದಲ ಫೋನ್ ನನಗೇ ಬರುತ್ತದೆ. ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಅದಕ್ಕೆ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಮನೆಗಿಂತ ಮೊದಲು ಓಣಿ ನೋಡಿ. ನೀರು, ಗಾಳಿ, ಸದ್ದು, ನೆರೆಹೊರೆ ಎಲ್ಲ ಓಣಿಯಿಂದ ಓಣಿಗೆ ಬದಲಾಗುತ್ತದೆ. ಮನೆ ಎಷ್ಟೇ ಚೆನ್ನಾಗಿರಲಿ, ಓಣಿ ಹೊಂದದಿದ್ದರೆ ಆರು ತಿಂಗಳಿಗೆ ಗಂಟುಮೂಟೆ ಕಟ್ಟಬೇಕಾಗುತ್ತದೆ.

ಹಳೇ ಊರು ಅಂದರೆ ಯಾವ ಭಾಗ?

ಸೂಪರ್ ಮಾರ್ಕೆಟ್, ಚೌಕ್, ಕಿರಾಣಾ ಬಜಾರ್, ಕಪಡಾ ಬಜಾರ್, ಶಹಾಬಜಾರ್, ಬ್ರಹ್ಮಪುರ, ಗಾಜಿಪುರ, ಮಕ್ತಂಪುರ, ಕೋಟೆಯ ಸುತ್ತಮುತ್ತ, ಬಂದೇ ನವಾಜರ ದರ್ಗಾ ಕಡೆಯ ರೋಜಾ. ಜನ ಹಳೇ ಊರು ಅನ್ನುವುದು ಸಾಮಾನ್ಯವಾಗಿ ಇದಕ್ಕೇ. ಗೆರೆ ಎಳೆದು ಹೇಳೋಕೆ ಆಗಲ್ಲ. 1347ರಲ್ಲಿ ಬಹಮನಿಯವರ ರಾಜಧಾನಿಯಾದ ಊರು ಇದು. ಆಗಿನ ಕಾಲ ಕತ್ತೆ, ಕುದುರೆ, ಬಂಡಿಯ ಕಾಲ. ಓಣಿಗಳ ಅಗಲ ನೋಡಿದರೆ ಅದು ಈಗಲೂ ಗೊತ್ತಾಗುತ್ತದೆ.

ಹೊಸ ಬಡಾವಣೆ ಬಿಟ್ಟು ಇಲ್ಲೇ ಯಾಕೆ ಇರಬೇಕು?

ಎಲ್ಲರೂ ಇರಬೇಕಿಲ್ಲ. ಮೆಟ್ಟಿಲು ಹತ್ತಲಾಗದ ಹಿರಿಯರು ಮನೆಯಲ್ಲಿದ್ದರೆ, ಕಾರು ಇದ್ದರೆ, ಧೂಳು ಹೊಗೆ ತಡೆಯದ ಮಗು ಇದ್ದರೆ ಹೊರಗಿನ ಬಡಾವಣೆಯೇ ವಾಸಿ.

ಆದರೆ ಗಾಡಿ ಇಲ್ಲದವರಿಗೆ ಇಷ್ಟು ಅನುಕೂಲದ ಜಾಗ ಊರಲ್ಲಿ ಬೇರೆ ಇಲ್ಲ. ಸಿಟಿ ಬಸ್ ಸೂಪರ್ ಮಾರ್ಕೆಟ್‌ನಿಂದಲೇ ಹೊರಡುತ್ತದೆ. ಬೆಳಗ್ಗೆ ಆರಕ್ಕೆ ಹಾಲು, ಎಂಟಕ್ಕೆ ಬಿಸಿ ತಹರಿ (ಮಸಾಲೆ ಅನ್ನ), ರಾತ್ರಿ ಹತ್ತಕ್ಕೂ ಔಷಧ ಅಂಗಡಿ, ಎಲ್ಲ ನಡೆದು ಹೋಗುವಷ್ಟು ದೂರದಲ್ಲಿ. ಖಾನಾವಳಿಯಲ್ಲಿ ಜೋಳದ ರೊಟ್ಟಿ ಸಿಗುತ್ತದೆ. ಒಬ್ಬರೇ ಇರುವವರಿಗೆ ಅಡುಗೆ ಚಿಂತೆ ಅರ್ಧ ಕಡಿಮೆ. ಇನ್ನೊಂದು ಮಾತು ಮನಸಾರೆ ಹೇಳುತ್ತೇನೆ. ನನಗೆ ಡೆಂಗಿ ಬಂದಾಗ ಆಸ್ಪತ್ರೆಗೆ ಸೇರಿಸಿದ್ದು ಸಂಬಂಧಿಕರಲ್ಲ. ಎದುರು ಮನೆಯ ಚಾಚಾ ಮತ್ತು ಕೆಳಗಿನ ಕಿರಾಣಿ ಅಂಗಡಿಯ ಕಾಕಾ. ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರೆ ತೆಗೆಯುವ ಜನ ಇಲ್ಲಿದ್ದಾರೆ.

ಮನೆ ಹುಡುಕೋದು ಹೇಗೆ? ದಲಾಲಿ ಕೊಡಲೇಬೇಕಾ?

ಹಳೇ ಊರಿನ ಒಳ್ಳೆಯ ಮನೆಗಳು ಮೊಬೈಲಿನಲ್ಲಿ ಕಾಣಿಸುವುದು ಕಡಿಮೆ. ಮಾಲಕರು ಹಿರಿಯರು. ಬಾಗಿಲಿಗೆ ಕನ್ನಡದಲ್ಲೋ ಉರ್ದುವಿನಲ್ಲೋ ಒಂದು ಚೀಟಿ ಅಂಟಿಸುತ್ತಾರೆ. ಇಲ್ಲವಾದರೆ ಅಂಗಡಿಯವರಿಗೆ ಹೇಳಿಟ್ಟಿರುತ್ತಾರೆ. ಅದಕ್ಕೆ ಬೇಕಾದ ಓಣಿ ಆರಿಸಿ ಎರಡು ದಿನ ಕಾಲಾಡಿಸಿ. ಕಿರಾಣಿ ಅಂಗಡಿ, ಇಸ್ತ್ರಿ ಅಂಗಡಿ, ಹಾಲಿನವರು, ಚಹಾದ ಹೋಟೆಲು, ಇವರನ್ನು ಕೇಳಿ. "ಕಾಕಾ, ಇಲ್ಲಿ ಎಲ್ಲ್ಯಾರ ಮನಿ ಖಾಲಿ ಅದಾವೇನ್ರಿ, ಎರಡು ಖೋಲಿ ಸಾಕು" ಅಂದರೆ ಸಾಕು, ಮುಂದಿನ ದಾರಿ ಅವರೇ ತೋರಿಸುತ್ತಾರೆ. ಈ ಕಡೆ ಖೋಲಿ ಅಂದರೆ ರೂಮು, ಕಿರಾಯಿ ಅಂದರೆ ಬಾಡಿಗೆ. ದಕ್ಷಿಣದಿಂದ ಬಂದವರು ಈ ಎರಡು ಶಬ್ದ ಕಲಿತಿದ್ದರೆ ಮಾತು ಹಗುರಾಗುತ್ತದೆ.

ದಲಾಲಿಗೆ ಹೋದರೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಅಂತ ಮನೆ ನೋಡುವ ಮೊದಲೇ ಮಾತಾಡಿ. ಬೀಗದ ಕೈ ಕೈಗೆ ಬರುವವರೆಗೆ ದಲಾಲಿ ದುಡ್ಡು ಕೊಡಬೇಡಿ.

ಜೂನ್, ಜುಲೈನಲ್ಲಿ ಕಾಲೇಜು ಶುರುವಾಗುವ ಹೊತ್ತು, ಮನೆಗೆ ಬೇಡಿಕೆ ಜಾಸ್ತಿ. ಆದರೆ ಅದರ ನಡುವೆಯೇ ಬರುವ ಆಷಾಢದಲ್ಲಿ ಹೊಸ ಮನೆಗೆ ಹೋಗುವುದಿಲ್ಲ ಅನ್ನುವವರು ಬಹಳ. ನಿಮಗೆ ಆ ಅಡ್ಡಿ ಇಲ್ಲದಿದ್ದರೆ ಆಗಲೇ ಹುಡುಕಿ. ಚೌಕಾಸಿಗೆ ಮಾಲಕರು ಸ್ವಲ್ಪ ಬಗ್ಗುತ್ತಾರೆ.

ಮನೆ ಯಾವ ಹೊತ್ತಿಗೆ ನೋಡಬೇಕು?

ಮೂರು ಸಲ ನೋಡಿ. ಬೇಸಿಗೆಯಾದರೆ ಮಧ್ಯಾಹ್ನ ಮೂರಕ್ಕೆ. ರಾತ್ರಿ ಒಂಬತ್ತರ ಮೇಲೆ ಒಂದು ಸಲ, ಓಣಿಯ ದೀಪ ಹತ್ತುತ್ತದೋ ಇಲ್ಲವೋ ತಿಳಿಯಲು. ಇನ್ನೊಂದು ಸಲ ನಳಕ್ಕೆ ನೀರು ಬರುವ ಹೊತ್ತಿಗೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ.

ನೀರಿನ ವಿಷಯ ಹೇಗೆ?

ಊರಿಗೆ ನಳದ ನೀರು ಬರುವುದು ಭೀಮಾ ನದಿ ಮತ್ತು ಬೆಣ್ಣೆತೊರಾದಿಂದ. ದಿನವೂ ಬರುತ್ತದೆ ಅಂತ ನಂಬಿ ಬರಬೇಡಿ. ಒಂದು ಓಣಿಗೆ ಎರಡು ದಿನಕ್ಕೊಮ್ಮೆ ಬಂದರೆ, ಪಕ್ಕದ ಓಣಿಗೆ ನಾಲ್ಕೈದು ದಿನಕ್ಕೊಮ್ಮೆ. ಬೇಸಿಗೆಯಲ್ಲಿ ಇನ್ನೂ ತಡ. ಮಾಲಕರನ್ನು ಕೇಳಿದರೆ "ನೀರಿಂದು ಏನೂ ತ್ರಾಸ್ ಇಲ್ರಿ" ಅಂತಲೇ ಹೇಳುತ್ತಾರೆ. ಅವರನ್ನು ಬಿಟ್ಟು ಪಕ್ಕದ ಮನೆಯ ಅಕ್ಕನನ್ನು ಕೇಳಿ. "ಅಕ್ಕೋರೆ, ಇಲ್ಲಿ ನೀರ ಎಷ್ಟು ದಿನಕ್ಕೊಮ್ಮೆ ಬರ್ತಾವ್ರಿ? ಯಾವ ಟೈಮಿಗೆ? ಎಷ್ಟೊತ್ತು ಇರ್ತಾವ್ರಿ?" ಈ ಮೂರು ಪ್ರಶ್ನೆಗೆ ಬರುವ ಉತ್ತರ ನಿಜವಾದ ಉತ್ತರ.

ನನ್ನ ಎರಡನೇ ಮನೆಯಲ್ಲಿ ನೀರು ರಾತ್ರಿ ಒಂದೂವರೆಗೆ ಬರುತ್ತಿತ್ತು. ನಳ ಅಂಗಳದ ಮೂಲೆಯಲ್ಲಿ, ನೆಲಕ್ಕಿಂತ ಒಂದು ಗೇಣು ಕೆಳಗೆ, ಕಲ್ಲು ಕಟ್ಟಿದ ಸಣ್ಣ ಕುಣಿಯಲ್ಲಿ ಇತ್ತು. ಮೊದಲು ನಳ ಸೊಂಯ್ ಅಂತ ಗಾಳಿ ಬಿಡುತ್ತಿತ್ತು. ಆ ಸದ್ದಿಗೆ ಮೂರು ಮನೆಯವರು ಎದ್ದು ಬರುತ್ತಿದ್ದರು. ಮೊದಲ ಎರಡು ಕೊಡ ಕೆಂಪು ನೀರು, ಅದನ್ನು ಅಂಗಳ ತೊಳೆಯಲು ಬಿಡುವುದು. ಆಮೇಲೆ ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಕುಡಿಯುವ ನೀರು. ಕೊನೆಗೆ ಪೈಪು ಹಚ್ಚಿ ಬ್ಯಾರಲ್. ಇಷ್ಟಕ್ಕೆಲ್ಲ ಒಂದು ತಾಸು. ಮಲಗಿದ್ದು ಬಿಟ್ಟರೆ ಮುಂದಿನ ಮೂರು ದಿನ ಟ್ಯಾಂಕರ್. ಇಂಥ ಮನೆ ಬೇಡವೇ ಬೇಡ ಅನ್ನುವುದಿಲ್ಲ. ಆದರೆ ಗೊತ್ತಿದ್ದು ಹೋಗಿ.

ಲೆಕ್ಕ ಹೀಗೆ ಹಾಕಿ. ನಾಲ್ಕು ಜನ, ಒಬ್ಬರಿಗೆ ದಿನಕ್ಕೆ 100 ಲೀಟರ್. ನಾಲ್ಕು ದಿನಕ್ಕೊಮ್ಮೆ ನೀರು ಅಂದರೆ 1,600 ಲೀಟರ್ ಕೂಡಿಡುವ ಜಾಗ ಬೇಕು. ಬೇಸಿಗೆಯಲ್ಲಿ ಕೂಲರ್ ಒಂದೇ ದಿನಕ್ಕೆ ಮೂವತ್ತು ನಲವತ್ತು ಲೀಟರ್ ಕುಡಿಯುತ್ತದೆ. ಹಾಗಾಗಿ ಸಂಪು, ಮೇಲಿನ ಟಾಕಿ ಎರಡೂ ಸೇರಿ 2,000 ಲೀಟರ್ ಇಲ್ಲದಿದ್ದರೆ ನಾಲ್ಕು ಜನರ ಕುಟುಂಬಕ್ಕೆ ಕಷ್ಟ. ಟಾಕಿ ನಿಮ್ಮದೊಂದೇ ಮನೆಗಾ, ಎಲ್ಲರಿಗೂ ಸೇರಿಯಾ ಕೇಳಿ. ಮೋಟರಿನ ಕರೆಂಟು ಯಾರ ಮೀಟರಿಗೆ ಬರುತ್ತದೆ ಅನ್ನುವುದನ್ನೂ ಕೇಳಿ. ಜಗಳ ಹುಟ್ಟುವುದೇ ಅಲ್ಲಿ.

ಬೋರಿನ ನೀರು ಬಹಳ ಕಡೆ ಸವಳು. ಬಚ್ಚಲಿನ ನಳದ ತುದಿಯಲ್ಲಿ ಬಿಳಿ ಸುಣ್ಣದ ಗಂಟು ಕಟ್ಟಿದ್ದರೆ ಗೊತ್ತಾಗುತ್ತದೆ. ಅದು ತೊಳೆಯಲು, ಬಳಿಯಲು ಸಾಕು. ಬೇಳೆ ಮಾತ್ರ ಅದರಲ್ಲಿ ಬೇಯುವುದಿಲ್ಲ. ತೊಗರಿ ನಾಡಿಗೆ ಬಂದು ಬೇಳೆ ಬೇಯದಿದ್ದರೆ ಹೇಗೆ? ಕುಡಿಯಲು, ಅಡುಗೆಗೆ ನಳದ ನೀರೋ ಫಿಲ್ಟರ್ ಕ್ಯಾನೋ ಬೇಕೇ ಬೇಕು.

ಬೇಸಿಗೆ ತಡೆಯಬಹುದಾ? ಯಾವ ಅಂತಸ್ತು ಒಳ್ಳೆಯದು?

ಮೇ ತಿಂಗಳಲ್ಲಿ 42, 43 ಡಿಗ್ರಿ ಇಲ್ಲಿ ಹೊಸದಲ್ಲ. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಅಷ್ಟು ಬಿಸಿಲು.

ಆರ್‌ಸಿಸಿ ಕಟ್ಟಡದ ಕೊನೆಯ ಅಂತಸ್ತು ಬಾಡಿಗೆ ಕಡಿಮೆ ಅಂತ ತೆಗೆದುಕೊಳ್ಳಬೇಡಿ. ಸ್ಲ್ಯಾಬ್ ದಿನವಿಡೀ ಕಾದು ರಾತ್ರಿಯೆಲ್ಲ ಬಿಸಿ ಬಿಡುತ್ತದೆ. ಫ್ಯಾನ್ ಹಾಕಿದರೆ ಕಾದ ಹಂಚಿನ ಗಾಳಿ. ಕೆಳಗಿನ ಅಥವಾ ನಡುವಿನ ಅಂತಸ್ತಿಗೆ ಐನೂರು ರೂಪಾಯಿ ಜಾಸ್ತಿ ಕೊಟ್ಟರೂ ಲಾಭವೇ. ಕೊನೆಯ ಅಂತಸ್ತೇ ಗತಿ ಅಂದರೆ ಮಾಳಿಗೆಗೆ (ತಾರಸಿಗೆ) ಯುಗಾದಿಗೆ ಮುಂಚೆ ಬಿಳಿ ಸುಣ್ಣ ಬಳಿಸಿಕೊಡಿ ಅಂತ ಮಾಲಕರ ಹತ್ತಿರ ಮಾತು ತೆಗೆದುಕೊಳ್ಳಿ. ಸುಣ್ಣದ ಖರ್ಚು ಸಣ್ಣದು, ವ್ಯತ್ಯಾಸ ದೊಡ್ಡದು.

ಹಳೇ ಮನೆಗಳ ಗೋಡೆ ಎರಡು ಅಡಿ ದಪ್ಪ, ನೆಲಕ್ಕೆ ಶಹಾಬಾದ್ ಪರಸಿ, ಅಂದರೆ ಹಾಸುಗಲ್ಲು. ಮಧ್ಯಾಹ್ನ ಬರಿಗಾಲಲ್ಲಿ ನಿಂತರೆ ತಂಪು ಹಿಮ್ಮಡಿಯಿಂದ ಏರುತ್ತದೆ. ಪರಸಿ ಮೇಲೆ ಬೆನ್ನು ಹಚ್ಚಿ ಮಲಗಿದವರಿಗೆ ಟೈಲ್ಸ್ ನೆಲ ರುಚಿಸುವುದಿಲ್ಲ. ಆದರೆ ಮಧ್ಯಾಹ್ನ ತಂಪಾಗಿದ್ದ ದಪ್ಪ ಗೋಡೆ ರಾತ್ರಿ ಹೊತ್ತಿಗೆ ನಿಧಾನವಾಗಿ ಕಾವು ಬಿಡುತ್ತದೆ. ಆಗ ಜನ ಮಾಳಿಗೆ ಮೇಲೆ ಮಲಗುತ್ತಾರೆ. ಅದಕ್ಕೆ ಮಾಳಿಗೆ ಬಳಸಬಹುದಾ ಅಂತ ಮೊದಲೇ ಕೇಳಿ, ಕರಾರಿನಲ್ಲೂ ಬರೆಸಿ. ಮಾಳಿಗೆ ಬಾಗಿಲಿಗೆ ಮಾಲಕರು ಬೀಗ ಹಾಕಿದ ಮನೆಯಲ್ಲಿ ನಾನು ಒಂದು ಬೇಸಿಗೆ ಕಳೆದಿದ್ದೇನೆ. ಎರಡನೇ ಬೇಸಿಗೆಗೆ ನಿಲ್ಲಲಿಲ್ಲ.

ಕೂಲರಿನ ಬಗ್ಗೆ ಒಂದು ಮಾತು. ಕೂಲರ್ ಇಡಲು ಹೊರಗಿನ ಗಾಳಿಗೆ ತೆರೆದ ಕಿಟಕಿ ಬೇಕು. ಎದುರು ಬದಿಗೆ ಗಾಳಿ ಹೊರಹೋಗಲು ಒಂದು ಬಾಗಿಲೋ ಬೆಳಕಿಂಡಿಯೋ ಬೇಕು. ಮುಚ್ಚಿದ ಖೋಲಿಯಲ್ಲಿ ಕೂಲರ್ ಹಚ್ಚಿದರೆ ಅರ್ಧ ತಾಸಿಗೆ ಮೈ ಜಿಗಿಜಿಗಿ. ಒತ್ತೊತ್ತಾಗಿ ಕಟ್ಟಿದ ಓಣಿಯಲ್ಲಿ ಎಷ್ಟೋ ಮನೆಗಳ ಕಿಟಕಿ ಪಕ್ಕದ ಗೋಡೆಗೇ ತೆರೆಯುತ್ತದೆ. ಅಂಥದ್ದು ಬೇಡ.

ಹಳೇ ಮಣ್ಣಿನ ಮಾಳಿಗೆ ಮನೆ ತೆಗೆದುಕೊಳ್ಳಬಹುದಾ?

ತೆಗೆದುಕೊಳ್ಳಬಹುದು, ನೋಡಿ ತೆಗೆದುಕೊಳ್ಳಿ. ನಮ್ಮದು ಕರಿ ಮಣ್ಣಿನ ನೆಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಅದರ ಜೊತೆ ಗೋಡೆಯೂ ಅಲುಗುತ್ತದೆ. ಸುಣ್ಣದ ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕು ಇದ್ದರೆ ಚಿಂತೆ ಇಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ, ಪೆನ್ಸಿಲ್ ತುದಿ ಒಳಗೆ ಹೋಗುವಂಥ ಬಿರುಕು ಇದ್ದರೆ ಆ ಮನೆ ಬಿಡಿ.

ತಲೆ ಎತ್ತಿ ತೊಲೆ ನೋಡಿ. ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗದಲ್ಲಿ ಕಪ್ಪು ಕಲೆ ಇದ್ದರೆ ಮಳೆಗಾಲದಲ್ಲಿ ಸೋರುತ್ತದೆ ಅಂತಲೇ ಅರ್ಥ. ತೊಲೆಯ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳ ಹಿಡಿದಿದೆ. ನನ್ನ ಮೊದಲ ಮನೆಯಲ್ಲಿ ಇದ್ಯಾವುದನ್ನೂ ನಾನು ನೋಡಿರಲಿಲ್ಲ. ಸೆಪ್ಟೆಂಬರಿನಲ್ಲಿ ಎರಡು ದಿನ ಜಡಿ ಮಳೆ ಹಿಡಿಯಿತು. ಊರಿಂದ ಅವ್ವ ಕಟ್ಟಿಕೊಟ್ಟ ಜೋಳದ ಚೀಲ ಮೂಲೆಯಲ್ಲಿತ್ತು. ಮೂರನೇ ದಿನ ಚೀಲ ಎತ್ತಿದರೆ ಕೆಳಗೆಲ್ಲ ಬಿಳಿ ಮೊಳಕೆ. ಆ ದಿನ ಬಹಳ ಸಂಕಟವಾಯಿತು. ಈಗ ಯಾರ ಜೊತೆ ಮನೆ ನೋಡಲು ಹೋದರೂ ನಾನು ಮೊದಲು ಮೂಲೆಗಳನ್ನೇ ನೋಡುತ್ತೇನೆ.

ಕೋಟೆಯ ಹತ್ತಿರದ ಮನೆಗೆ ಏನಾದರೂ ಬೇರೆ ನಿಯಮ ಇದೆಯಾ?

ಇದೆ. ಕೋಟೆ, ಅದರೊಳಗಿನ 1367ರ ಜಾಮಿಯಾ ಮಸೀದಿ, ಹಫ್ತ್ ಗುಂಬಜ್ ಇವು ಕೇಂದ್ರದ ಪುರಾತತ್ವ ಇಲಾಖೆ ರಕ್ಷಿಸಿದ ಸ್ಮಾರಕಗಳು. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ 200 ಮೀಟರ್ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ದುರಸ್ತಿಗೂ ಅನುಮತಿ ಬೇಕು.

ಬಾಡಿಗೆದಾರರಿಗೆ ಇದರಿಂದ ಏನು ಅಂತ ಕೇಳಬಹುದು. "ನೀವು ಬರ್ರಿ, ಮುಂದಿನ ತಿಂಗಳು ಹೊಸ ಬಚ್ಚಲು ಕಟ್ಟಸ್ತೀನಿ" ಅಂತ ಮಾಲಕರು ಒಳ್ಳೆಯ ಮನಸ್ಸಿಂದಲೇ ಹೇಳಬಹುದು. ಅನುಮತಿ ಸಿಗುವವರೆಗೆ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಇವತ್ತು ಮನೆ ಹೇಗಿದೆಯೋ ಹಾಗೆಯೇ ಇರಬಲ್ಲಿರಾ ಅಂತ ಯೋಚಿಸಿ. ಕೋಟೆಯ ಒಳಗೆ ಮನೆ ಕೊಡಿಸುತ್ತೇವೆ ಅಂದರೆ ಒಪ್ಪಲೇಬೇಡಿ. ಅಲ್ಲಿನ ತೆರವಿನ ವಿಚಾರ ಬಹಳ ವರ್ಷದಿಂದ ನಡೆಯುತ್ತಿದೆ.

ಮಾಲಕರು ಯಾರು ಅಂತ ತಿಳಿಯೋದು ಹೇಗೆ?

ಇದನ್ನು ಯಾರೂ ಕೇಳುವುದಿಲ್ಲ, ನಾನೇ ಸೇರಿಸಿದ್ದೇನೆ. ಹಳೇ ಊರಿನ ಮನೆಗಳು ಅಜ್ಜನ ಕಾಲದವು. ಅಣ್ಣತಮ್ಮಂದಿರ ನಡುವೆ ವಾಟ್ನಿ, ಅಂದರೆ ಆಸ್ತಿಯ ಪಾಲು, ಆಗಿರುವುದಿಲ್ಲ. ಒಬ್ಬರು ಕರಾರು ಮಾಡಿಕೊಡುತ್ತಾರೆ, ಆರು ತಿಂಗಳಿಗೆ ಇನ್ನೊಬ್ಬರು ಹೈದರಾಬಾದಿನಿಂದ ಬಂದು "ಬಾಡಗಿ ನನಗ ಕೊಡ್ರಿ" ಅನ್ನುತ್ತಾರೆ. ನಡುವೆ ಸಿಕ್ಕಿಕೊಳ್ಳುವವರು ನೀವು. ಮಹಾನಗರ ಪಾಲಿಕೆಯ ಆಸ್ತಿ ತೆರಿಗೆ ರಸೀದಿ ತೋರಿಸಿ ಅಂತ ಮರ್ಯಾದೆಯಿಂದ ಕೇಳಿ. ಅದರಲ್ಲಿ ಯಾರ ಹೆಸರಿದೆ ನೋಡಿ. ಹೆಸರು ಅಜ್ಜನದೇ ಆಗಿದ್ದರೆ ಬಾಡಿಗೆ ಯಾರ ಖಾತೆಗೆ ಹಾಕಬೇಕು ಅನ್ನುವುದನ್ನು ಎಲ್ಲ ಅಣ್ಣತಮ್ಮಂದಿರ ಸಹಿಯ ಜೊತೆ ಬರೆಸಿಕೊಳ್ಳಿ. ಮಠದ್ದೋ ದರ್ಗಾದ್ದೋ ವಕ್ಫಿನದ್ದೋ ಜಾಗವಾದರೆ, ನಿಮಗೆ ಕೊಡುತ್ತಿರುವವರೇ ಬಾಡಿಗೆದಾರರಾಗಿರಬಹುದು. ಒಳಬಾಡಿಗೆ ಕೊಡುವ ಅಧಿಕಾರ ಅವರಿಗೆ ಇದೆಯಾ ಅಂತ ನೋಡಿಕೊಳ್ಳಿ.

ಡಿಪಾಜಿಟ್ ಎಷ್ಟು? ವಾಪಸ್ ಬರುತ್ತಾ?

ಬೆಂಗಳೂರಿನ ಹಾಗೆ ಹತ್ತು ತಿಂಗಳ ಬಾಡಿಗೆ ಕೇಳುವುದು ಇಲ್ಲಿನ ರೂಢಿ ಅಲ್ಲ. ಕೇಳಿದರೆ ಚೌಕಾಸಿ ಮಾಡಿ.

ವಾಪಸ್ ಬರುವುದು ನೀವು ಮೊದಲ ದಿನ ಏನು ಮಾಡಿದಿರಿ ಅನ್ನುವುದರ ಮೇಲೆ ನಿಂತಿದೆ. ನಾನು ಮೊದಲ ಮನೆಗೆ 15,000 ರೂಪಾಯಿ ನಗದು ಕೊಟ್ಟಿದ್ದೆ. ರಸೀದಿ ಕೇಳಲು ಸಂಕೋಚವಾಯಿತು. ಬಿಡುವಾಗ ಸುಣ್ಣ ಬಣ್ಣ, ಒಡೆದ ಪರಸಿ, ಬಾಗಿಲಿನ ಚಿಲಕ ಅಂತ ಹೇಳಿ ಮಾಲಕರು 9,000 ಹಿಡಿದುಕೊಂಡರು. ಪರಸಿ ನಾನು ಬರುವ ಮೊದಲೇ ಒಡೆದಿತ್ತು. ಆದರೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಆ ದುಡ್ಡು ಅಪ್ಪ ತೊಗರಿ ಮಾರಿ ಕೊಟ್ಟಿದ್ದು. ಈಗ ನೆನೆದರೂ ಹೊಟ್ಟೆ ಉರಿಯುತ್ತದೆ.

ಅದಕ್ಕೆ ಹೇಳುತ್ತೇನೆ, ಸಂಕೋಚ ಬಿಡಿ. ದುಡ್ಡು ಬ್ಯಾಂಕಿನಿಂದಲೋ ಯುಪಿಐಯಿಂದಲೋ ಹಾಕಿ. ಸಾಮಾನು ಇಳಿಸುವ ಮೊದಲೇ ಖಾಲಿ ಮನೆಯ ವಿಡಿಯೊ ತೆಗೆಯಿರಿ. ಗೋಡೆ, ನೆಲ, ಚಿಲಕ, ನಳ, ಸ್ವಿಚ್ಚು ಒಂದೂ ಬಿಡಬೇಡಿ. ಅದನ್ನು ಅವತ್ತೇ ಮಾಲಕರ ವಾಟ್ಸ್ಆ್ಯಪ್‌ಗೆ ಕಳಿಸಿ. ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನು ಕರಾರಿನಲ್ಲಿ ಅಂಕಿಯಲ್ಲಿ ಬರೆಸಿ. "ಆಮೇಲೆ ನೋಡೋಣ್ರಿ" ಅಂದರೆ ನಯವಾಗಿಯೇ ಹೇಳಿ, "ಈಗಲೇ ಬರ್ಯೋಣ್ರಿ, ಇಬ್ಬರಿಗೂ ಛಲೋ."

ಕರಾರು ಯಾಕೆ 11 ತಿಂಗಳಿಗೇ ಮಾಡುತ್ತಾರೆ?

1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಆ ಓಡಾಟ, ಖರ್ಚು ಬೇಡ ಅಂತ 11 ತಿಂಗಳು. ಇ-ಸ್ಟ್ಯಾಂಪ್ ಕಾಗದದ ಮೇಲೆ ಬರೆಸಿ, ಇಬ್ಬರು ಸಾಕ್ಷಿ ಹಾಕಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಗ್ಯಾಸ್ ವಿಳಾಸ ಬದಲಿಸಲು, ಬ್ಯಾಂಕಿಗೆ ಇದೇ ಬೇಕಾಗುತ್ತದೆ. ನೌಕರರಿಗೆ ಇನ್ನೊಂದು ವಿಷಯ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ತೆರಿಗೆ ವಿನಾಯಿತಿಗೆ ಮಾಲಕರ ಪ್ಯಾನ್ ನಂಬರ್ ಕೊಡಬೇಕು. ಕೆಲವು ಮಾಲಕರು ಕೊಡಲು ಒಪ್ಪುವುದಿಲ್ಲ. ಸಹಿ ಹಾಕುವ ಮೊದಲೇ ಕೇಳಿ.

ಲೀಸಿಗೆ ತೆಗೆದುಕೊಳ್ಳೋದು ಲಾಭ ಅಲ್ವಾ?

ತಿಂಗಳ ಬಾಡಿಗೆ ಇಲ್ಲ, ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಇರುವುದು. ಕೇಳಲು ಚೆಂದ. ಆದರೆ ನಿಮ್ಮ ದುಡ್ಡಿನಿಂದ ಮಾಲಕರು ಸಾಲ ತೀರಿಸಿರುತ್ತಾರೆ, ಅವಧಿ ಮುಗಿದಾಗ ಕೈಯಲ್ಲಿ ದುಡ್ಡು ಇರುವುದಿಲ್ಲ. ಮನೆ ಮೇಲೆ ಬ್ಯಾಂಕಿನ ಸಾಲ ಇದ್ದರೆ ಇನ್ನೂ ಅಪಾಯ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ ನೋಡದೆ, ನೋಂದಣಿ ಮಾಡಿಸದೆ ಲೀಸಿಗೆ ಕೈ ಹಾಕಬೇಡಿ. ನನ್ನನ್ನು ಕೇಳಿದರೆ, ವಾಟ್ನಿ ಆಗದ ಹಳೇ ಮನೆಗೆ ಲೀಸು ಬೇಡವೇ ಬೇಡ.

ಕರೆಂಟ್ ಬಿಲ್, ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತಾ?

ಸಿಗುತ್ತದೆ. 2023ರಲ್ಲಿ ಶುರುವಾದ ಈ ಉಚಿತ ಕರೆಂಟ್ ಯೋಜನೆಯಲ್ಲಿ ಬಾಡಿಗೆದಾರರು ತಮ್ಮ ಆಧಾರ್ ಅನ್ನು ಆ ಮನೆಯ ಜೆಸ್ಕಾಂ (ಇಲ್ಲಿನ ವಿದ್ಯುತ್ ಕಂಪನಿ) ಮೀಟರಿಗೆ ಜೋಡಿಸಿಕೊಳ್ಳಬಹುದು. ಹಿಂದಿನ ಮನೆಯಲ್ಲಿ ಜೋಡಿಸಿದ್ದನ್ನು ಮೊದಲು ಬಿಡಿಸಿಕೊಳ್ಳಬೇಕು. ಎಲ್ಲರಿಗೂ 200 ಯೂನಿಟ್ ಉಚಿತ ಅಂತ ತಿಳಿಯಬೇಡಿ. ಆ ಮೀಟರಿನ ಹಿಂದಿನ ಬಳಕೆಯ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಉಚಿತ ಕೊಡುತ್ತಾರೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಹಳೇ ಊರಿನಲ್ಲಿ ತೊಂದರೆ ಬರುವುದು ಇಲ್ಲಿಯೇ. ಒಂದೇ ಮೀಟರ್, ಮೂರು ಮನೆ. ಮೂರೂ ಸೇರಿದರೆ 200 ದಾಟುವುದು ಸುಲಭ. 200 ವ್ಯಾಟಿನ ಒಂದು ಕೂಲರ್ ದಿನಕ್ಕೆ ಹತ್ತು ತಾಸು ಓಡಿದರೆ 2 ಯೂನಿಟ್, ತಿಂಗಳಿಗೆ 60. ಮೂರು ಮನೆಯ ಕೂಲರ್ ಸೇರಿದರೆ 180. ಇನ್ನು ಫ್ಯಾನು, ಫ್ರಿಜ್ಜು, ಮೋಟರು ಬೇರೆ. ಅದಕ್ಕೆ ನಿಮ್ಮದೇ ಮೀಟರ್ ಇರುವ ಮನೆ ಹುಡುಕಿ. ಒಳಗೆ ಹಾಕಿದ ಸಬ್ ಮೀಟರ್ ಲೆಕ್ಕಕ್ಕೆ ಬರುವುದಿಲ್ಲ. ಹಳೇ ಬಾಕಿ ಏನಾದರೂ ಉಳಿದಿದೆಯಾ ಅಂತ ಕೊನೆಯ ಬಿಲ್ ಇಸಿದುಕೊಂಡು ನೋಡಿ.

ಹಳೇ ವೈರಿಂಗ್ ಇದ್ದರೆ ಒಮ್ಮೆ ಇಲೆಕ್ಟ್ರಿಷಿಯನ್‌ಗೆ ತೋರಿಸಿ. ಬಚ್ಚಲಿನಲ್ಲಿ ನೀರು ಕಾಯಿಸುವ ರಾಡ್ ಬಳಸುವವರು ಅರ್ಥಿಂಗ್ ಇಲ್ಲದ ಮನೆಯಲ್ಲಿ ದಯವಿಟ್ಟು ಬಳಸಬೇಡಿ.

ಜಾತಿ, ಧರ್ಮ, ಊಟ ಕೇಳಿದರೆ ಏನು ಮಾಡಬೇಕು?

ಕೇಳುತ್ತಾರೆ. ಕೆಲವರು ನೇರವಾಗಿ, ಕೆಲವರು ಅಡ್ಡಹೆಸರು ಕೇಳಿ. ಶರಣಬಸಪ್ಪನ ಗುಡಿ, ಬಂದೇ ನವಾಜರ ದರ್ಗಾ ಎರಡಕ್ಕೂ ಎಲ್ಲರೂ ಕೈ ಮುಗಿಯುವ ಊರಿನಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಜಾತಿ ನೋಡಿ ಮನೆ ಕೊಡದಿರುವುದು ತಪ್ಪು. ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ಊಟದ ವಿಷಯ ಬೇರೆ. ಒಂದೇ ಅಂಗಳದಲ್ಲಿ ಇರುವಾಗ ಮಾಂಸದ ಅಡುಗೆ ಬೇಡ ಅಂದರೆ, ಅದನ್ನು ಒಪ್ಪಿ ಹೋಗುವುದೋ ಬಿಡುವುದೋ ನಿಮ್ಮ ಇಷ್ಟ. ಮುಚ್ಚಿಟ್ಟು ಮನೆ ಹಿಡಿಯಬೇಡಿ. ದಿನವೂ ಹೆದರಿಕೊಂಡು ಉಣ್ಣುವುದು ಬಾಳಲ್ಲ. ಕೇಳದೆ ಮನೆ ಕೊಡುವವರೂ ಬೇಕಾದಷ್ಟು ಜನ ಇದ್ದಾರೆ. ನನ್ನ ಮೂರನೇ ಮನೆಯ ಮಾಲಕರು ಒಬ್ಬ ಅಮ್ಮ. ಅವರು ಕೇಳಿದ್ದು ಒಂದೇ ಪ್ರಶ್ನೆ: "ರಾತ್ರಿ ನೀರ ಬಂದಾಗ ನನ್ನ ಬ್ಯಾರಲ್ ತುಂಬಿ ಕೊಡ್ತೀಯೇನಪ್ಪಾ?"

ಗಾಡಿ ಎಲ್ಲಿ ನಿಲ್ಲಿಸೋದು?

ಬೈಕಿಗೆ ಅಂಗಳ ಇದೆಯಾ, ಹೊಸ್ತಿಲು ಎಷ್ಟು ಎತ್ತರ ನೋಡಿ. ಕಾರಿಗೆ ಜಾಗ ಇಲ್ಲ. ಗ್ಯಾಸ್ ಸಿಲಿಂಡರ್ ಗಾಡಿ ಓಣಿಯೊಳಗೆ ಬರುತ್ತದಾ ಅಂತ ಕೇಳಿ. ಬರದಿದ್ದರೆ ಓಣಿಯ ಬಾಯಿಂದ ನೀವೇ ಹೊತ್ತು ತರಬೇಕು.

ಸದ್ದು, ಜಾತ್ರೆ, ಉರುಸು?

ಕಿರಾಣಾ ಬಜಾರ್ ಕಡೆ ಬೆಳಗಿನ ಜಾವವೇ ಲಾರಿ ಇಳಿಸುವ ಸದ್ದು, ಮೆಣಸಿನಕಾಯಿ ಘಾಟು. ಇಲಿ ಹೆಗ್ಗಣವೂ ಜಾಸ್ತಿ, ಬಾಗಿಲಿನ ಕೆಳಗಿನ ಸಂದಿ ಮುಚ್ಚಿಸಿಕೊಳ್ಳಿ. ಕಪಡಾ ಬಜಾರ್ ಕಡೆ ಹಬ್ಬದ ಮುಂದಿನ ಎರಡು ವಾರ ಸಂಜೆ ಓಣಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರಂಜಾನ್ ತಿಂಗಳಲ್ಲಿ ರಾತ್ರಿಯೇ ಹಗಲು.

ಶರಣಬಸವೇಶ್ವರರ ಜಾತ್ರೆ ಹೋಳಿ ಆದ ಐದನೇ ದಿನಕ್ಕೆ. ತೇರಿನ ದಿನ ಬ್ರಹ್ಮಪುರ ಕಡೆ ಗಾಡಿ ಓಡುವುದಿಲ್ಲ. ಬಂದೇ ನವಾಜರ ಉರುಸು ಇಸ್ಲಾಮಿ ತಿಂಗಳು ಜಿಲ್ಕಾದಿನ 15, 16, 17ಕ್ಕೆ. ಆ ಲೆಕ್ಕದಿಂದ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಸಂದಲ್ (ಗಂಧದ) ಮೆರವಣಿಗೆ ದಿನ ರೋಜಾ ಕಡೆಗೆ ಮನೆ ಸಾಮಾನು ಸಾಗಿಸುವ ಯೋಚನೆ ಬೇಡ. ಜಾತ್ರೆ, ಉರುಸು ಬಂದರೆ ನಿಮ್ಮ ಮನೆಗೆ ಊರಿಂದ ನೆಂಟರು ಖಂಡಿತ ಬರುತ್ತಾರೆ. ಎರಡು ಹಾಸಿಗೆ ಜಾಸ್ತಿ ಇಟ್ಟುಕೊಳ್ಳಿ. ತೇರು ಎಳೆಯುವಾಗ ಮಾಳಿಗೆ ಮೇಲಿಂದ ಉತ್ತುತ್ತಿ ಬಾಳೆಹಣ್ಣು ಎಸೆಯುವ ಸುಖ ಹೊಸ ಬಡಾವಣೆಯಲ್ಲಿ ಸಿಗುವುದಿಲ್ಲ.

ಒಬ್ಬರೇ ಹೆಣ್ಣುಮಕ್ಕಳು ಇರಬಹುದಾ?

ನನ್ನ ತಂಗಿ ಎರಡು ವರ್ಷ ಇದ್ದಳು. ಮಾಲಕರ ಕುಟುಂಬ ಅದೇ ಅಂಗಳದಲ್ಲಿರುವ ಮನೆ, ಪಾಯಖಾನೆ ಮನೆಯ ಒಳಗೇ ಇರುವ ಮನೆ ನೋಡಿ. ಎಷ್ಟೋ ಹಳೇ ಮನೆಗಳಲ್ಲಿ ಅದು ಅಂಗಳದ ಆ ತುದಿಗೆ ಇರುತ್ತದೆ, ಮೂರು ಮನೆಗೆ ಒಂದೇ. ಬೀಗದ ಇನ್ನೊಂದು ಕೈ ಯಾರ ಹತ್ತಿರ ಇದೆ ಕೇಳಿ. ಸಾಧ್ಯವಾದರೆ ಬೀಗವನ್ನೇ ಬದಲಿಸಿ.

ಮಾಲಕರು ಇದ್ದಕ್ಕಿದ್ದಂತೆ ಬಿಡಿ ಅಂದರೆ?

ಕರಾರಿನಲ್ಲಿ ಎಷ್ಟು ತಿಂಗಳ ನೋಟಿಸ್ ಅಂತ ಬರೆದಿದೆಯೋ ಅಷ್ಟು ಸಮಯ ನಿಮ್ಮದು. ಬರಹವೇ ಇಲ್ಲದ, ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾದರೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಸಾಕು. ಅದಕ್ಕೇ ಎರಡು ತಿಂಗಳು ಅಂತ ಬರೆಸಿ ಅನ್ನುವುದು. ನಳ ಬಂದ್ ಮಾಡುವುದು, ಕರೆಂಟ್ ತೆಗೆಯುವುದು, ಸಾಮಾನು ಹೊರಗಿಡುವುದು ಮಾಲಕರ ಹಕ್ಕಲ್ಲ. ಬಿಡಿಸಲೇಬೇಕು ಅಂದರೆ ಅವರು ಕೋರ್ಟಿಗೆ ಹೋಗಬೇಕು. ಆದರೆ ಮೊದಲು ಓಣಿಯ ಹಿರಿಯರೊಬ್ಬರನ್ನು ಕೂರಿಸಿ ಮಾತಾಡಿ ನೋಡಿ. ಇಲ್ಲಿ ಬಹಳಷ್ಟು ಜಗಳ ಒಂದು ಚಹಾದಲ್ಲಿ ಮುಗಿದಿದ್ದನ್ನು ನಾನು ಕಂಡಿದ್ದೇನೆ.

ಮನೆ ಬಿಡುವಾಗ ಏನೇನು ಮಾಡಬೇಕು?

ಮೊದಲ ದಿನದ ಹಾಗೆಯೇ ಇನ್ನೊಂದು ವಿಡಿಯೊ. ಮೀಟರಿನ ಅಂಕಿಯ ಫೋಟೊ. ಗೃಹಜ್ಯೋತಿಯಿಂದ ನಿಮ್ಮ ಆಧಾರ್ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ಸಿಗುವುದಿಲ್ಲ. ಗ್ಯಾಸ್ ವಿಳಾಸ ಬದಲಿಸಿ. ಕಿರಾಣಿ ಅಂಗಡಿಯ ಉದ್ರಿ, ಹಾಲಿನ ಲೆಕ್ಕ, ಪೇಪರಿನ ಲೆಕ್ಕ ಚುಕ್ತಾ ಮಾಡಿ. ಡಿಪಾಜಿಟ್ ಖಾತೆಗೆ ಬಂದ ಮೇಲೆ ಬೀಗದ ಕೈ ಕೊಡಿ.

ಹೊರಡುವ ಹಿಂದಿನ ರಾತ್ರಿ ನೀರು ಬಂದರೆ ಟಾಕಿ, ಬ್ಯಾರಲ್ ತುಂಬಿಸಿಯೇ ಹೋಗಿ. ಮರುದಿನ ಬರುವವರು ಸಾಮಾನು ಇಳಿಸಿ, ಧೂಳು ಒರೆಸಿ, ಮೈ ತೊಳೆದುಕೊಳ್ಳಬೇಕು. ಮುಂದಿನ ನೀರು ಇನ್ನು ಮೂರು ದಿನಕ್ಕೆ.